ತಿಂದರೂ ಮೈ ಹಿಡಿಯದ ಹೋರಿ: ದೋಷ ದನದಲ್ಲೋ, ಮೂಟೆಯಲ್ಲೋ, ಡಬ್ಬದಲ್ಲೋ?

ಕಳೆದ ವರ್ಷ ಜುಲೈ ಕೊನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಹೋರಿಕರು ತಂದೆ. ಎರಡಕ್ಕೂ ವರ್ಷ ತುಂಬಿತ್ತು, ಇನ್ನೂ ಹಾಲುಹಲ್ಲು. ಸಂಕ್ರಾಂತಿ ಹೊತ್ತಿಗೆ ಮೈ ತುಂಬಿಸಿ ಬೂಕನಬೆಟ್ಟದ ದನದ ಜಾತ್ರೆಗೆ ಹೊಡೆದುಕೊಂಡು ಹೋಗಬೇಕು ಅನ್ನುವ ಲೆಕ್ಕ. ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು, ಜಾತ್ರೆ ದೂರವೇನಲ್ಲ. ಆದರೆ ಸೆಪ್ಟೆಂಬರ್ ಬಂದರೂ ಪಕ್ಕೆ ಎಲುಬು ಹಾಗೇ ಎಣಿಸಬಹುದಿತ್ತು. ಕೂದಲು ಒರಟು. ಗೊಂತಿಗೆ ಹಾಕಿದ್ದನ್ನು ಮಾತ್ರ ಬಿಡದೆ ತಿನ್ನುತ್ತಿದ್ದವು.

ಇಂಥ ಹೊತ್ತಿನಲ್ಲಿ ಸಲಹೆಗೆ ಬರ ಇರುವುದಿಲ್ಲ. ಒಬ್ಬರು ಹಿಂಡಿ ಬದಲಾಯಿಸು ಅಂದರು. ಇನ್ನೊಬ್ಬರು ಟಾನಿಕ್ ಹಾಕಿಸು ಅಂದರು. ಪಕ್ಕದ ಮನೆ ದೊಡ್ಡಪ್ಪ, "ಕಣ್ಣು ಬಿದ್ದೈತೆ ಕಣೋ, ಕೊಟ್ಟಿಗೆ ಬಾಗ್ಲಿಗೆ ಒಂದ್ ನಿಂಬೆಹಣ್ಣು ಕಟ್ಟು" ಅಂದರು. ನಿಂಬೆಹಣ್ಣೂ ಕಟ್ಟಿದೆ, ಸುಳ್ಳು ಹೇಳಲ್ಲ. ಹಿಂಡಿಯನ್ನೂ ಎರಡು ಸಲ ಬದಲಾಯಿಸಿದೆ. ಅಲ್ಲೇ ತಪ್ಪಿದ್ದು. ದೋಷ ಎಲ್ಲಿದೆ ಅಂತ ಗೊತ್ತಿಲ್ಲದೆ ಒಂದೊಂದೇ ಬದಲಾಯಿಸುತ್ತಾ ಹೋದರೆ ತಿಂಗಳು ಕಳೆಯುತ್ತದೆ, ದುಡ್ಡೂ ಕಳೆಯುತ್ತದೆ. ಮೊದಲು ನೋಡಬೇಕಾದದ್ದು ದನ, ಆಮೇಲೆ ಸೆಗಣಿ, ಆಮೇಲೆ ತಕ್ಕಡಿ, ಆಮೇಲೆ ಹುಲ್ಲು. ಹಿಂಡಿ, ತೌಡಿನ ಮೂಟೆಯ ಮೇಲೆ ಅನುಮಾನ ಪಡುವುದು ಕೊನೆಗೆ. ನಾನು ಈ ಸಾಲನ್ನು ತಲೆಕೆಳಗು ಮಾಡಿ ಪಾಠ ಕಲಿತವನು.

ಟೇಪು ಹಿಡಿಯಿರಿ

ದಿನಾ ನೋಡುವ ಕಣ್ಣಿಗೆ ದನ ಬೆಳೆದದ್ದೂ ಗೊತ್ತಾಗಲ್ಲ, ಸೊರಗಿದ್ದೂ ಗೊತ್ತಾಗಲ್ಲ. ಟೈಲರ್ ಹತ್ತಿರ ಸಿಗುವ ಅಳತೆ ಟೇಪು ಸಾಕು. ಮುಂಗಾಲಿನ ಹಿಂದೆ, ಡುಬ್ಬದ ಹಿಂಬದಿಗೆ ಟೇಪು ಸುತ್ತಿ ಎದೆಸುತ್ತಳತೆ ತೆಗೆದುಕೊಳ್ಳಿ. ಹೆಗಲಿನ ಮೂಳೆಯ ಮುಂದಿನ ತುದಿಯಿಂದ ಬಾಲದ ಪಕ್ಕದಲ್ಲಿ ಉಬ್ಬಿರುವ ಮೂಳೆವರೆಗೆ ಉದ್ದ. ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆಜಿ ತೂಕ ಸಿಗುತ್ತದೆ.

ನನ್ನ ಎಡಗಡೆ ಹೋರಿಗೆ ಸೆಪ್ಟೆಂಬರ್ ಮೊದಲ ವಾರ ಸುತ್ತಳತೆ 48, ಉದ್ದ 44. ಅಂದರೆ 153 ಕೆಜಿ ಚಿಲ್ಲರೆ. ಒಂದು ತಿಂಗಳು ಬಿಟ್ಟು ಅಳೆದರೆ ಸುತ್ತಳತೆ 48 ಮುಕ್ಕಾಲೂ ಇಲ್ಲ, 48ವರೆ. ಉದ್ದ ಅಷ್ಟೇ. 157 ಕೆಜಿ. ಅರ್ಧ ಇಂಚು ಅಂದರೆ ಟೇಪು ಒಂಚೂರು ಸಡಿಲ ಬಿಟ್ಟರೂ ಬರುತ್ತದೆ, ಹಾಗಾಗಿ ಬೆಳೆದೇ ಇಲ್ಲ ಅಂದರೂ ತಪ್ಪಾಗಲಾರದು. ಈ ವಯಸ್ಸಿನ ನಾಟಿ ಹೋರಿ ಒಳ್ಳೆ ಮೇವಿನಲ್ಲಿ ದಿನಕ್ಕೆ 300ರಿಂದ 400 ಗ್ರಾಂ ಏರಬೇಕು. ತಿಂಗಳಿಗೆ ಹತ್ತು ಕೆಜಿ ಅಂತಿಟ್ಟುಕೊಳ್ಳಿ.

ಅಳತೆ ಬೆಳಗ್ಗೆ, ಮೇವು ನೀರು ಕೊಡುವ ಮುಂಚೆ ಮಾಡಬೇಕು. ದನ ನೆಟ್ಟಗೆ ನಿಂತಿರಬೇಕು. ಮೂರು ಸಲ ಅಳೆದು ನಡುವಿನದ್ದನ್ನು ಬರೆದುಕೊಳ್ಳಿ. ಯಾರ ಕೈ ಟೇಪು ಬಿಗಿ ಹಿಡಿಯುತ್ತದೋ ಪ್ರತಿ ಸಲವೂ ಅದೇ ಕೈ ಹಿಡಿಯಲಿ.

ಹೊರದೇಶದಲ್ಲಿ ಮಾಂಸಕ್ಕೆ ಅಂತಲೇ ದನ ಬೆಳೆಸುವವರು ದಿನಕ್ಕೆ ಒಂದೂವರೆ ಕೆಜಿ ಏರಿಸುತ್ತಾರೆ. ಅವರ ತಳಿ ಬೇರೆ, ಅಲ್ಲಿ ಮೇವಿನ ಮುಕ್ಕಾಲಕ್ಕಿಂತ ಜಾಸ್ತಿ ಭಾಗ ಕಾಳೇ. ಮೊಬೈಲಿನಲ್ಲಿ ಅಂಥ ವಿಡಿಯೋ ನೋಡಿ ನಮ್ಮ ಹೋರಿಗೆ ಮುಸುಕಿನ ಜೋಳದ ನುಚ್ಚನ್ನು ಬಕೆಟ್‌ಗಟ್ಟಲೆ ಸುರಿದವರನ್ನು ನಾನೇ ನೋಡಿದ್ದೇನೆ. ಹೊಟ್ಟೆ ಹುಳಿಯಾಗಿ ದನ ಮಲಗಿಬಿಡುತ್ತದೆ. ಹಬ್ಬದಲ್ಲಿ ಉಳಿದ ಅನ್ನವನ್ನು ಕಲಗಚ್ಚಿಗೆ ಸುರಿದರೂ ಅದೇ ಗತಿ.

ದನದಲ್ಲೇ ದೋಷ ಇದೆಯಾ?

ಹೊಟ್ಟೆಯಲ್ಲಿ ಹುಳು ಇದ್ದರೆ ಎಂಥ ಮೇವು ಹಾಕಿದರೂ ಅರ್ಧ ಅದರ ಪಾಲು. ಹೇಮಾವತಿ ನಾಲೆ ಬಯಲಿನಲ್ಲಿ, ಗದ್ದೆ ಬದುವಿನಲ್ಲಿ ಮೇಯುವ ದನಕ್ಕೆ ಈಲಿ (ಲಿವರ್) ಹುಳುವಿನ ಕಾಟ ಜಾಸ್ತಿ. ಕೆಸರಿನಲ್ಲಿರುವ ಬಸವನಹುಳುವಿನಿಂದ ಅದು ಹುಲ್ಲಿಗೆ ಬರುತ್ತದೆ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ. ಒಳಗೆ ಕೆಂಪಿಲ್ಲದೆ ಬಿಳಿಚಿಕೊಂಡಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ ಇದ್ದರೆ ಮೇವಿನ ಸುದ್ದಿ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಒಂದು ಬೆಂಕಿಪೊಟ್ಟಣದಷ್ಟು ಹಸಿ ಸೆಗಣಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಕೊಟ್ಟರೆ ಯಾವ ಹುಳು ಅಂತ ನೋಡಿ ಅದಕ್ಕೆ ತಕ್ಕ ಔಷಧಿ ಕೊಡುತ್ತಾರೆ. ಎಲ್ಲ ಹುಳುವಿಗೂ ಒಂದೇ ಗುಳಿಗೆ ನಡೆಯಲ್ಲ.

ಮಣ್ಣು ತಿನ್ನುವುದು, ಬಟ್ಟೆ ಜಗಿಯುವುದು, ಮೂಳೆ ಕಂಡರೆ ಬಾಯಿಗೆ ಹಾಕುವುದು, ಇವೆಲ್ಲ ರಂಜಕ ಕಮ್ಮಿ ಆದ ಲಕ್ಷಣ. ಗೋಡೆ ನೆಕ್ಕಿದರೆ, ಗಂಜಲಕ್ಕೆ ಬಾಯಿ ಹಾಕಿದರೆ ಉಪ್ಪು ಸಾಲದು. ನೀರನ್ನೂ ನೋಡಿ. ಈ ಗಾತ್ರದ ಹೋರಿಗೆ ದಿನಕ್ಕೆ 15ರಿಂದ 20 ಲೀಟರ್ ಬೇಕು. ತೊಟ್ಟಿಯಲ್ಲಿ ಪಾಚಿ ಕಟ್ಟಿದ್ದರೆ ಮೂಗು ಸಿಂಡರಿಸಿಕೊಂಡು ಅರ್ಧ ಕುಡಿಯುತ್ತದೆ. ನೀರು ಕಮ್ಮಿಯಾದರೆ ಮೇವೂ ಕಮ್ಮಿ. ಇನ್ನು ಒಂದೇ ಗೊಂತಿನಲ್ಲಿ ದೊಡ್ಡ ದನದ ಪಕ್ಕ ಕಟ್ಟಿದ್ದರೆ, ತಿಂದವರು ಯಾರು ಅಂತ ಒಂದು ದಿನ ನಿಂತು ನೋಡಿ.

ನನ್ನ ಹೋರಿಗಳಲ್ಲಿ ಇದ್ಯಾವುದೂ ಇರಲಿಲ್ಲ. ಸೆಗಣಿ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಸಿಗಲಿಲ್ಲ.

ಸೆಗಣಿ ಕೈಯಲ್ಲಿ ಹಿಡಿದು

ಅಸಹ್ಯ ಪಡಬೇಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಎರಡು ಹಿಡಿ ಹಸಿ ಸೆಗಣಿಯನ್ನು ಹಳೆಯ ಹಿಟ್ಟಿನ ಜರಡಿಗೆ ಹಾಕಿ, ಮೇಲಿಂದ ನೀರು ಬಿಟ್ಟು ತೊಳೆಯಿರಿ. ನೀರು ತಿಳಿಯಾಗುವ ತನಕ. ಜರಡಿಯಲ್ಲಿ ಉಳಿದದ್ದೇ ದನ ಅರಗಿಸಿಕೊಳ್ಳಲಾಗದ್ದು.

ಜೋಳದ ಕಾಳು ಇಡಿಯಾಗಿ ಸಿಕ್ಕರೆ ನುಚ್ಚು ಸರಿಯಾಗಿ ಒಡೆದಿಲ್ಲ ಅಂತ. ಬೆರಳುದ್ದದ ಹುಲ್ಲಿನ ಎಳೆ ಜಾಸ್ತಿ ಸಿಕ್ಕರೆ ಹೊಟ್ಟೆಯಲ್ಲಿ ಹುಲ್ಲು ಅರಗುತ್ತಿಲ್ಲ ಅಂತ. ಸೆಗಣಿ ಗಟ್ಟಿ ಬೆರಣಿಯ ಹಾಗೆ ಒಂದರ ಮೇಲೊಂದು ಪದರ ಕೂತರೆ ಸಾಮಾನ್ಯವಾಗಿ ಸಸಾರಜನಕ (ಪ್ರೋಟೀನ್) ಕಮ್ಮಿ, ಇಲ್ಲ ನೀರು ಕಮ್ಮಿ. ತೆಳ್ಳಗೆ, ಬೂದು ಬಣ್ಣಕ್ಕೆ, ನೊರೆ ನೊರೆಯಾಗಿ ಬಿದ್ದರೆ ಕಾಳು ಹೆಚ್ಚಾಗಿದೆ.

ನನ್ನ ಜರಡಿಯಲ್ಲಿ ಉದ್ದ ಹುಲ್ಲಿನ ಎಳೆ ಇತ್ತು. ಅದರ ಜೊತೆ ಇನ್ನೊಂದು ಇತ್ತು. ಹಳದಿ ಬಣ್ಣದ, ಉಗುರಿಗೆ ಚುಚ್ಚುವ ಸಣ್ಣ ಸಣ್ಣ ಚೂರು. ಹುಲ್ಲಿನದ್ದೇ ಇರಬೇಕು ಅಂದುಕೊಂಡು ಚೆಲ್ಲಿಬಿಟ್ಟೆ. ಅವತ್ತೇ ಎರಡು ನಿಮಿಷ ಯೋಚನೆ ಮಾಡಿದ್ದರೆ ಹದಿನೈದು ದಿನ ಉಳಿಯುತ್ತಿತ್ತು.

ಡಬ್ಬದ ಕಥೆ

ನಮ್ಮ ಮನೆಯಲ್ಲಿ ಹಿಂಡಿ ಬೂಸಾ ಅಳೆಯುವುದು ಐದು ಲೀಟರಿನ ಎಣ್ಣೆ ಡಬ್ಬದಲ್ಲಿ. ಮೇಲ್ಭಾಗ ಕತ್ತರಿಸಿ ಕಬ್ಬಿಣದ ಕೈ ಕಟ್ಟಿದ್ದೇನೆ. 40 ಕೆಜಿ ತೌಡಿಗೆ 13 ಕೆಜಿ ಕಡಲೆಕಾಯಿ ಹಿಂಡಿ ಪುಡಿ ಬೆರೆಸಿ ಡ್ರಮ್ಮಿನಲ್ಲಿ ತುಂಬಿಡುವುದು, ದಿನಕ್ಕೆ ಎರಡು ಹೋರಿಗೂ ಸೇರಿ ಒಂದು ಡಬ್ಬ. ತಂದ ಹೊಸದರಲ್ಲಿ ಒಮ್ಮೆ ತೂಕ ಮಾಡಿದ್ದೆ, ಡಬ್ಬಕ್ಕೆ ಎರಡೂವರೆ ಕೆಜಿ ಬಂದಿತ್ತು. ಒಂದಕ್ಕೆ ಒಂದೂಕಾಲು ಕೆಜಿ. ಆಮೇಲೆ ತಕ್ಕಡಿ ಮುಟ್ಟಲೇ ಇಲ್ಲ.

ಅಕ್ಟೋಬರಿನಲ್ಲಿ ನನಗೆ ಜ್ವರ ಬಂದು ಎರಡು ದಿನ ನನ್ನ ಹೆಂಡತಿ ಕೊಟ್ಟಿಗೆ ಕೆಲಸ ನೋಡಿಕೊಂಡಳು. ಎರಡನೇ ದಿನ ಡಬ್ಬ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು, "ರೀ, ಇದು ಯಾಕೋ ಹಗುರ ಐತಲ್ಲ. ಮುಂಚೆ ಒಂದು ಕೈಲಿ ಎತ್ತಕ್ಕೆ ಆಗ್ತಿರ್ಲಿಲ್ಲ" ಅಂದಳು. ಡಬ್ಬ ಕಂಠಮಟ್ಟ ತುಂಬಿತ್ತು. ಎದ್ದು ಹೋಗಿ ತೂಕ ಹಾಕಿದೆ. ಒಂದು ಕೆಜಿ 700 ಗ್ರಾಂ.

ಆಗಸ್ಟ್ ನಡುವಿನಲ್ಲಿ ತೌಡಿನ ಅಂಗಡಿ ಬದಲಾಯಿಸಿದ್ದೆ. ಮೂಟೆಗೆ ನೂರೈವತ್ತು ರೂಪಾಯಿ ಕಮ್ಮಿ ಅಂತ ಐದು ಮೂಟೆ ಒಟ್ಟಿಗೆ ತಂದಿದ್ದೆ. ಹೊಸ ತೌಡು ಹಗುರ. ಡಬ್ಬ ಅದೇ, ತೂಕ ಮೂರನೇ ಒಂದು ಭಾಗ ಮಾಯ. ಎರಡು ಸಲ ಹಿಂಡಿ ಬದಲಾಯಿಸಿದೆನಲ್ಲ, ಎರಡೂ ಸಲ ಬದಲಾಯಿಸಿದ್ದು ಕಡಲೆಕಾಯಿ ಹಿಂಡಿಯನ್ನು. ತೌಡಿನ ಕಡೆ ತಲೆಯೇ ಹೋಗಲಿಲ್ಲ. ಹಸುವಿನ ಹಾಲೂ ಅರ್ಧ ಲೀಟರ್ ಇಳಿದಿತ್ತು. ಮಳೆಗಾಲ ಅಲ್ವಾ ಅಂತ ಸುಮ್ನಿದ್ದೆ.

ಆದ್ದರಿಂದ ಹೊಸ ಮೂಟೆ ಬಿಚ್ಚಿದಾಗಲೆಲ್ಲ ಡಬ್ಬವನ್ನು ಒಮ್ಮೆ ತೂಕ ಮಾಡಿ. ಮೊರ, ಬಟ್ಟಲು, ಡಬ್ಬ, ಬೊಗಸೆ, ಏನೇ ಇರಲಿ. ಅಡುಗೆಮನೆ ತಕ್ಕಡಿ ಸಾಕು. ಹುಲ್ಲನ್ನೂ ಕಟ್ಟಿನ ಲೆಕ್ಕದಲ್ಲಿ ಬಿಡಬೇಡಿ. ಒಂದು ಕಟ್ಟನ್ನು ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ನೋಡಿ. ಮಿಷನ್ ಕಟ್ಟಿದ ಸುರುಳಿಗೂ ಕೈಯಲ್ಲಿ ಕಟ್ಟಿದ ಹೊರೆಗೂ ಅಜಗಜಾಂತರ.

ಹುಲ್ಲಿನ ಲೆಕ್ಕ

ತೌಡು ಸಿಕ್ಕಿಬಿತ್ತು ನಿಜ, ಆದರೆ ದೋಷ ಒಂದೇ ಇರಲಿಲ್ಲ. ನಮ್ಮ ಕಡೆ ಡಿಸೆಂಬರಿಗೆ ರಾಗಿ ಹುಲ್ಲು ಮೆದೆ ಒಟ್ಟಿದರೆ ಮುಂದಿನ ಮಳೆಗಾಲದ ಹೊತ್ತಿಗೆ ತಳ ಕಾಣುತ್ತದೆ. ನಾನು ಆಗಸ್ಟಿನಿಂದ ಭತ್ತದ ಹುಲ್ಲು ಕೊಂಡು ಹಾಕುತ್ತಿದ್ದೆ. ಎರಡೂ ಹುಲ್ಲೇ ಅಲ್ವಾ ಅಂತ ಅನಿಸುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕ (ಮರಳಿನ ಅಂಶ) ಜಾಸ್ತಿ, ಅರಗುವುದು ಕಮ್ಮಿ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದ ಹಾಗೆ ಮಾಡುತ್ತದೆ. ಸಸಾರಜನಕ ನೂರಕ್ಕೆ 3ರಿಂದ 4 ಮಾತ್ರ.

ಈ ಸಸಾರಜನಕದ್ದು ಒಂದು ಗುಟ್ಟಿದೆ. ಹುಲ್ಲನ್ನು ದನ ತಾನಾಗಿ ಅರಗಿಸುವುದಿಲ್ಲ. ದೊಡ್ಡ ಹೊಟ್ಟೆಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಕೊಳೆಸಿ ಒಡೆಯುತ್ತವೆ. ಅವಕ್ಕೂ ಊಟ ಬೇಕು, ಸಸಾರಜನಕದಿಂದ ಸಿಗುವ ಸಾರಜನಕ (ನೈಟ್ರೋಜನ್) ಬೇಕು. ಒಟ್ಟು ಮೇವಿನಲ್ಲಿ ಸಸಾರಜನಕ ನೂರಕ್ಕೆ 7ಕ್ಕಿಂತ ಕೆಳಗೆ ಬಿದ್ದರೆ ಆ ಜೀವಿಗಳೇ ಉಪವಾಸ. ಆಗ ಹುಲ್ಲು ಹೊಟ್ಟೆಯಲ್ಲೇ ಕೂತಿರುತ್ತದೆ. ಹೊಟ್ಟೆ ಡೋಲಿನ ಹಾಗೆ ದುಂಡಗೆ, ಬೆನ್ನು ಮಾತ್ರ ಚೂಪು. ನೋಡಿದವರು ಹೊಟ್ಟೆ ತುಂಬಿದೆ ಅಂದುಕೊಳ್ಳುತ್ತಾರೆ.

ನನ್ನ ಲೆಕ್ಕ ಹೀಗೆ ಬಂತು. 150 ಕೆಜಿ ಚಿಲ್ಲರೆ ತೂಗುವ, ದಿನಕ್ಕೆ 400 ಗ್ರಾಂ ಏರಬೇಕಾದ ಹೋರಿಗೆ ದಿನಕ್ಕೆ 400 ಗ್ರಾಂ ಮೇಲೆ ಸಸಾರಜನಕ ಬೇಕು. ಭತ್ತದ ಹುಲ್ಲು 3 ಕೆಜಿ ತಿಂದರೆ ಅದರಿಂದ 100 ಗ್ರಾಂ. ಒಳ್ಳೆ ತೌಡು ಇದ್ದಾಗ ಹಿಂಡಿ ಮಿಶ್ರಣದಿಂದ 250 ಗ್ರಾಂ ಸಿಗುತ್ತಿತ್ತು, ಮಿಕ್ಕದ್ದನ್ನು ಬದುವಿನ ಹಸಿ ಹುಲ್ಲು ತುಂಬುತ್ತಿತ್ತು. ಹೊಸ ತೌಡಿನಲ್ಲಿ, ಅದೂ ಕಮ್ಮಿ ತೂಕದಲ್ಲಿ, ಮಿಶ್ರಣದಿಂದ ಬಂದದ್ದು 145 ಗ್ರಾಂ. ಎರಡೂ ಸೇರಿ 245. ಜೀವ ಹಿಡಿದುಕೊಂಡಿರಲು ಸಾಕು, ಬೆಳೆಯಲು ಸಾಲದು.

ಭತ್ತದ ಹುಲ್ಲೇ ಗತಿ ಅನ್ನುವವರಿಗೆ ಯೂರಿಯಾ ಉಪಚಾರ ಇದೆ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 65 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದ ಹಾಗೆ ಟಾರ್ಪಾಲಿನಲ್ಲಿ 21 ದಿನ ಮುಚ್ಚಿಡಬೇಕು. ಬಿಚ್ಚಿದ ಮೇಲೆ ಒಂದು ಗಂಟೆ ಹರಡಿ ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ನೀರಿನ ಬಕೆಟ್ಟನ್ನು ದನದ ಕೈಗೆ ಸಿಗುವ ಜಾಗದಲ್ಲಿ ಇಟ್ಟು ಆ ಕಡೆ ಹೋಗಲೇಬೇಡಿ. ಒಮ್ಮೆಗೇ ಕುಡಿದರೆ ನೊರೆ ಕಾರಿ, ಹೊಟ್ಟೆ ಉಬ್ಬಿ ಸಾಯುತ್ತದೆ. ಹಾಗೇನಾದರೂ ಆದರೆ ತಡ ಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಮಲೆನಾಡಿನ ಕಡೆಯವರು, ಸಕಲೇಶಪುರ, ಮೂಡಿಗೆರೆ ಅಂಥ ಕಡೆ, ಹುಲ್ಲಿನ ಬೂಷ್ಟನ್ನೂ ನೋಡಬೇಕು. ಮಳೆಗೆ ಸಿಕ್ಕಿ ಒಳಗೇ ಬಿಸಿಯಾದ ಹುಲ್ಲಿನ ಕಟ್ಟನ್ನು ಬಿಚ್ಚಿ ಕೊಡವಿದರೆ ಪುಡಿ ಏಳುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅದನ್ನು ತಿಂದ ದನಕ್ಕೆ ಕಿವಿ ತುದಿ, ಬಾಲದ ತುದಿ ಒಣಗಿ ಕೊಳೆಯುವುದೂ ಉಂಟು. ಬಿಸಿಲಿಗೆ ಹಾಕಿ ಕೊಡುತ್ತೇನೆ ಅನ್ನುವುದು ಬೇಡ. ತಿಪ್ಪೆಗೆ ಹಾಕಿ.

ಮೂಟೆ ಬಿಚ್ಚಿ

ಇಷ್ಟೆಲ್ಲ ಆದ ಮೇಲೆ ಮೂಟೆ. ತೌಡಿನಲ್ಲಿ ಬೆರೆಸುವುದು ಮುಖ್ಯವಾಗಿ ಉಮಿ. ಭತ್ತದ ಸಿಪ್ಪೆಯನ್ನೇ ಮಿಲ್ಲಿನಲ್ಲಿ ನುಣ್ಣಗೆ ಬೀಸಿ ಹಾಕುತ್ತಾರೆ, ಬಣ್ಣ ಹೊಂದುತ್ತದೆ. ಒಂದು ಚಿಟಿಕೆ ತೌಡನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ. ಒಳ್ಳೆ ತೌಡು ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟುತ್ತದೆ, ನಾಲಿಗೆಗೆ ಸ್ವಲ್ಪ ಸಿಹಿ. ಉಮಿ ಇದ್ದರೆ ಚುಚ್ಚುತ್ತದೆ. ಆಮೇಲೆ ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಒಂದು ಚಮಚ ತೌಡು ಉದುರಿಸಿ, ಕದಡಿ, ಐದು ನಿಮಿಷ ಬಿಡಿ. ತೌಡು ನೀರನ್ನು ಹಾಲಿನ ಹಾಗೆ ಮಬ್ಬು ಮಾಡಿ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಉಮಿ ಮೇಲೆ ತೇಲುತ್ತದೆ. ನನ್ನ ಲೋಟದ ಮೇಲೆ ಬೆರಳಿನ ಅಗಲಕ್ಕೆ ಹಳದಿ ಪದರ ನಿಂತಿತ್ತು. ಜರಡಿಯಲ್ಲಿ ಉಗುರಿಗೆ ಚುಚ್ಚಿದ್ದು ಇದೇ ಚೂರು.

ಅದೇ ಲೋಟವನ್ನು ಸುತ್ತಿಸಿ ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ, ಮತ್ತೆ ನೀರು ಹಾಕಿ, ಮತ್ತೆ ಬಗ್ಗಿಸಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಕೊನೆಗೆ ತಳದಲ್ಲಿ ಉಳಿಯುವುದು ಮರಳು. ಹಲ್ಲಿನಲ್ಲಿ ಕಚ್ಚಿದರೆ ಕರಕರ ಅನ್ನುತ್ತದೆ. ಸುಣ್ಣಕಲ್ಲಿನ ಪುಡಿ ಬೆರೆಸಿದ ಅನುಮಾನ ಇದ್ದರೆ ಒಂದು ಚಮಚ ತೌಡಿನ ಮೇಲೆ ನಿಂಬೆರಸ ಹಿಂಡಿ. ಗುಳ್ಳೆ ಎದ್ದರೆ ಸುಣ್ಣ ಇದೆ. ಇದು ಬರೀ ತೌಡು, ಬೂಸಾಕ್ಕೆ ಮಾತ್ರ. ಕಂಪನಿ ಫೀಡಿನಲ್ಲಿ ಖನಿಜ ಮಿಶ್ರಣ ಹಾಕಿರುತ್ತಾರೆ, ಅಲ್ಲಿ ಗುಳ್ಳೆ ಏಳುವುದು ಸಹಜ.

ತೌಡು ತಾಜಾ ಇರಬೇಕು ಅನ್ನುವುದೂ ಮುಖ್ಯ. ಅದರಲ್ಲಿರುವ ಎಣ್ಣೆ ಬೇಗ ಕೆಡುತ್ತದೆ. ಹಳೆ ತೌಡಿಗೆ ಕಮಟು ವಾಸನೆ ಬರುತ್ತದೆ, ದನ ಮೂಸಿ ಬಿಡುತ್ತದೆ. ಐದು ಮೂಟೆ ಒಟ್ಟಿಗೆ ತಂದದ್ದು ನನ್ನ ದಡ್ಡತನ.

ಉಂಡೆ ಫೀಡು ಕೊಳ್ಳುವವರಿಗೆ ಒಂದು ಮಾತು. ಬೆಲ್ಲದ ಮಡ್ಡಿಯ ಘಮ ಬಂತು ಅಂತ ಒಳ್ಳೆ ಫೀಡು ಅಂದುಕೊಳ್ಳಬೇಡಿ, ಆ ಘಮ ಬೇರೆ ಎಷ್ಟೋ ವಾಸನೆಯನ್ನು ಮುಚ್ಚುತ್ತದೆ. ಚೀಲದ ಮೇಲೆ ದನದ ಫೀಡಿನ ಗುಣಮಟ್ಟ ಹೇಳುವ ಐಎಸ್ 2052 ಅಂತ ಗುರುತು ಇದೆಯಾ, ತಯಾರಿಸಿದ ದಿನಾಂಕ ಇದೆಯಾ ನೋಡಿ. ತೇವ ನೂರಕ್ಕೆ 11 ಮೀರಬಾರದು. ಉಂಡೆಯನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ಒಡೆದು ಒಳಗಿರುವುದೆಲ್ಲ ಹೊರಗೆ ಬರುತ್ತದೆ. ಅದಕ್ಕೂ ಲೋಟದ ಪರೀಕ್ಷೆ ಮಾಡಬಹುದು.

ಇನ್ನು ಯೂರಿಯಾ. ಲ್ಯಾಬಿನಲ್ಲಿ ಸಸಾರಜನಕವನ್ನು ನೇರವಾಗಿ ಅಳೆಯುವುದಿಲ್ಲ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಅನ್ನುವವರು ಕಂಡುಹಿಡಿದ ವಿಧಾನದಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಆ ಸಾರಜನಕ ಹಿಂಡಿಯಿಂದ ಬಂತೋ ಯೂರಿಯಾದಿಂದ ಬಂತೋ ಅದಕ್ಕೆ ಗೊತ್ತಾಗಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಅಂದರೆ 100 ಕೆಜಿ ಕಳಪೆ ಫೀಡಿಗೆ ಒಂದೇ ಕೆಜಿ ಯೂರಿಯಾ ಹಾಕಿದರೆ ಕಾಗದದ ಮೇಲೆ ಸಸಾರಜನಕ ನೂರಕ್ಕೆ ಹೆಚ್ಚುಕಡಿಮೆ 3 ಪಾಲು ಏರುತ್ತದೆ. ಚೀಲದ ಮೇಲೆ 20 ಅಂತ ಬರೆದದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಇದನ್ನು ಮನೆಯಲ್ಲೇ ಹಿಡಿಯಬಹುದು. ಒಂದೆರಡು ಚಮಚ ಫೀಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬಟ್ಟೆಯಲ್ಲಿ ಸೋಸಿ. ಸೋಸಿದ ನೀರನ್ನು ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ಅರ್ಧ ಚಮಚ ಹಸಿ ಸೋಯಾ ಹಿಟ್ಟು ಹಾಕಿ ಕಲಸಿ, ಹತ್ತು ನಿಮಿಷ ಬಿಡಿ. ಹುರಿದ ಸೋಯಾ ಬೇಡ, ಹಸಿ ಕಾಳನ್ನೇ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಬೇಕು. ಹಸಿ ಸೋಯಾದಲ್ಲಿ ಯೂರಿಯಾವನ್ನು ಅಮೋನಿಯಾ ಮಾಡುವ ಗುಣ ಇದೆ, ಹುರಿದರೆ ಅದು ಸಾಯುತ್ತದೆ. ಆಮೇಲೆ ಎರಡಕ್ಕೂ ಕೆಂಪು ಲಿಟ್ಮಸ್ ಕಾಗದ ಅದ್ದಿ. ಸೋಯಾ ಹಾಕಿದ ಲೋಟದಲ್ಲಿ ಮಾತ್ರ ನೀಲಿಯಾದರೆ ಯೂರಿಯಾ ಇದೆ. ನಮ್ಮೂರ ಹೈಸ್ಕೂಲ್ ಹುಡುಗರಿಂದ ನಾಲ್ಕು ಚೂರು ಲಿಟ್ಮಸ್ ಇಸಿದುಕೊಂಡಿದ್ದೆ.

ಮುಸುಕಿನ ಜೋಳ ಕೊಳ್ಳುವಾಗ ತೇವ ನೋಡಲು ಉಪ್ಪಿನ ಪರೀಕ್ಷೆ ಸಾಕು. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು. ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕಿ. ಉಪ್ಪು ಬಾಟಲಿಗೆ ಅಂಟಿದರೆ ತೇವ ನೂರಕ್ಕೆ 15 ದಾಟಿದೆ. ಅದನ್ನು ಹಾಗೇ ತುಂಬಿಟ್ಟರೆ ಬೂಷ್ಟು ಖಂಡಿತ. ಬೂಷ್ಟಿನ ಜೊತೆ ಬರುವ ಅಫ್ಲಟಾಕ್ಸಿನ್ ವಿಷ ಬಿಸಿಲಿಗೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ, ಈಲಿಗೆ ಹೊಡೆಯುತ್ತದೆ. ಕಡಲೆಕಾಯಿ ಹಿಂಡಿಯಲ್ಲೂ ಇದರ ಭಯ ಇದ್ದದ್ದೇ. ಫೀಡಿನಲ್ಲಿ ಇದರ ಮಿತಿ ಒಂದು ಕೆಜಿಗೆ 20 ಮೈಕ್ರೋಗ್ರಾಂ. ಕಣ್ಣಿಗೆ ಕಾಣುವ ಮಾತಲ್ಲ, ಲ್ಯಾಬೇ ಹೇಳಬೇಕು.

ಲ್ಯಾಬಿಗೆ ಕಳಿಸುವಾಗ

ಲೋಟದ ಪರೀಕ್ಷೆಯಲ್ಲಿ ಕಳ್ಳ ಸಿಕ್ಕಿದ್ದ. ಎಷ್ಟು ಕದ್ದ ಅಂತ ತಿಳಿಯಲು ಲ್ಯಾಬ್ ಬೇಕು. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿದರೆ ಎಲ್ಲಿಗೆ ಕಳಿಸಬೇಕು ಅಂತ ದಾರಿ ತೋರಿಸುತ್ತಾರೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜೂ ಇದೆ, ಅಲ್ಲೂ ವಿಚಾರಿಸಬಹುದು.

ಎಲ್ಲರೂ ತಪ್ಪುವುದು ಸ್ಯಾಂಪಲ್ ತೆಗೆಯುವಾಗ. ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ಕವರಿಗೆ ಹಾಕಿದರೆ ಆ ಒಂದು ಹಿಡಿಯ ಫಲಿತಾಂಶ ಬರುತ್ತದೆ, ಮೂಟೆಯದ್ದಲ್ಲ. ಸಾಗಾಟದಲ್ಲಿ ಕುಲುಕಿ ನುಣುಪು ಪುಡಿ, ಮರಳು ತಳ ಸೇರಿರುತ್ತದೆ. ಇರುವ ಮೂಟೆಗಳೆಲ್ಲದರ ಮೇಲೆ, ನಡು, ತಳದಿಂದ ತೆಗೆದು ಶುಚಿಯಾದ ಗೋಣಿಯ ಮೇಲೆ ಸುರಿದು ಕಲಸಿ. ರೊಟ್ಟಿಯ ಹಾಗೆ ಹರಡಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ನಾಲ್ಕು. ಒಂದು ಕೆಜಿ ಉಳಿಯುವ ತನಕ. ಅದರಲ್ಲಿ ಅರ್ಧ ಲ್ಯಾಬಿಗೆ, ಅರ್ಧ ನಿಮ್ಮ ಹತ್ತಿರ ಇರಲಿ. ಗಾಳಿ ಹೋಗದ ಕವರು, ಮೇಲೆ ತಾರೀಕು, ಯಾವ ಅಂಗಡಿ, ಯಾವ ಮೂಟೆ.

ನನಗೆ ಬಂದ ಚೀಟಿಯಲ್ಲಿ ನೂರಕ್ಕೆ ಸಸಾರಜನಕ 9.4, ನಾರು 22, ಆಮ್ಲಕ್ಕೆ ಕರಗದ ಬೂದಿ (ಅಂದರೆ ಮರಳು, ಸಿಲಿಕದ ಪಾಲು) 7 ಅಂತ ಇತ್ತು. ಸಸಾರಜನಕ ಒಂದನ್ನೇ ನೋಡಿ ಚೀಟಿ ಮಡಚಿಡುವವರೇ ಜಾಸ್ತಿ. ನಾರು ಮತ್ತು ಕರಗದ ಬೂದಿ, ಈ ಎರಡು ಸಾಲಿನಲ್ಲೇ ಕಥೆ ಇರುವುದು. ಒಳ್ಳೆ ತೌಡಿನ ನಾರು 12ರ ಆಸುಪಾಸು, ಉಮಿಯದ್ದು 40. 12 ಇರಬೇಕಾದದ್ದು 22 ಆಗಿದೆ ಅಂದರೆ 10 ಜಾಸ್ತಿ. ಉಮಿಗೂ ತೌಡಿಗೂ ವ್ಯತ್ಯಾಸ 28. ಹತ್ತನ್ನು 28ರಿಂದ ಭಾಗಿಸಿ. ಮೂಟೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಉಮಿಯೇ. ನೂರೈವತ್ತು ರೂಪಾಯಿ ಉಳಿಸಲು ಹೋಗಿ ದುಡ್ಡು ಕೊಟ್ಟು ಉಮಿ ಕೊಂಡಿದ್ದೆ.

ಸರಿ ಮಾಡಿದ್ದು ಹೀಗೆ

ಹಳೆ ಅಂಗಡಿಯ ತೌಡು ದಿನಕ್ಕೆ 600 ಗ್ರಾಂ, ಕಡಲೆಕಾಯಿ ಹಿಂಡಿ 400, ಜೋಳದ ನುಚ್ಚು 300. ಖನಿಜ ಮಿಶ್ರಣ 40 ಗ್ರಾಂ, ಉಪ್ಪು 20. ಭತ್ತದ ಹುಲ್ಲು ಎರಡೂವರೆ ಕೆಜಿ, ಬೇಲಿ ಮೆಂತೆ (ಬದುವಿನಲ್ಲಿ ಬೆಳೆಯುವ ಮೇವಿನ ಗಿಡ) ಸೊಪ್ಪು 2 ಕೆಜಿ. ಇದಿಷ್ಟು ಒಂದು ಹೋರಿಗೆ. ಲೆಕ್ಕ ಹಾಕಿದರೆ ಸಸಾರಜನಕ 430 ಗ್ರಾಂ ಆಸುಪಾಸು ಬರುತ್ತದೆ. ಒಣ ಲೆಕ್ಕದಲ್ಲಿ ಒಟ್ಟು ಮೇವು 3.9 ಕೆಜಿ, ಮೈತೂಕದ ನೂರಕ್ಕೆ ಎರಡೂವರೆ ಪಾಲು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ ಅನ್ನುವುದನ್ನು ಮರೆತು ಲೆಕ್ಕ ಹಾಕಬೇಡಿ. ಒಂದೇ ದಿನಕ್ಕೆ ಬದಲಾಯಿಸಲಿಲ್ಲ. ಹತ್ತು ದಿನ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸಿದೆ. ಹಿಂಡಿ ದುಬಾರಿ, ಗೊತ್ತು. ಬೇಲಿ ಮೆಂತೆ ನಾಲ್ಕು ಸಾಲು ಬದುವಿನಲ್ಲಿ ಇದ್ದದ್ದರಿಂದ ಅಷ್ಟರಲ್ಲೇ ಮುಗಿಯಿತು.

ಎರಡು ವಾರಕ್ಕೆ ಸೆಗಣಿ ಬದಲಾಯಿತು, ಜರಡಿಯಲ್ಲಿ ಎಳೆ ಕಮ್ಮಿಯಾಯಿತು. ಮೂರು ವಾರಕ್ಕೆ ಕೂದಲು ಮಿರುಗಿತು. ಡಿಸೆಂಬರ್ ನಡುವಿನಲ್ಲಿ ಟೇಪು ಹಿಡಿದಾಗ ಸುತ್ತಳತೆ 51, ಉದ್ದ 46. ಅಂದರೆ 181 ಕೆಜಿ. ಎರಡು ತಿಂಗಳಲ್ಲಿ 24 ಕೆಜಿ.

ಚೀಟಿ ಹಿಡಿದುಕೊಂಡು ಹೊಸ ಅಂಗಡಿಗೂ ಹೋಗಿದ್ದೆ. ಅಂಗಡಿಯವರು ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಮಿಲ್ಲಿಂದ ಬಂದಂಗೆ ಕೊಡೋದು ಅಣ್ಣ, ನಾವೇನ್ ಒಳಗ್ ಹೊಕ್ಕು ನೋಡಕ್ಕಾಗ್ತದಾ" ಅಂದರು. ಜಗಳ ಮಾಡುವ ಮನಸ್ಸಿರಲಿಲ್ಲ. ಹೊಲಿಗೆ ಬಿಚ್ಚದ ಒಂದು ಮೂಟೆ ವಾಪಸ್ ತೆಗೆದುಕೊಂಡು ದುಡ್ಡು ಕೊಟ್ಟರು. ಬಿಚ್ಚಿದ್ದನ್ನು ಮುಟ್ಟಲಿಲ್ಲ. ಉಳಿದ ಮೂರು ಅಷ್ಟೊತ್ತಿಗಾಗಲೇ ಸೆಗಣಿಯಾಗಿ ತಿಪ್ಪೆ ಸೇರಿದ್ದವು.